ಬಾಗಿಲಾಚೆಯ ಕುರ್ಚಿ

ನಮ್ಮಕ್ಕನನ್ನು ಊರೆಲ್ಲ ಮೀಟಿಂಗಕ್ಕ ಎಂದೇ ಕರೆಯುತ್ತಿತ್ತು. ಹತ್ತು ಜನ ಸೇರಿ ಸಂಘ ಕಟ್ಟುತ್ತೇವೆ ಎಂದರೆ ಸಾಕು, ಚೀಲ ಹೆಗಲಿಗೇರಿಸಿ ಹೊರಟುಬಿಡುವಳು. ಅವರನ್ನು ಮಾತಾಡಿಸಿ, ನಡಾವಳಿ ಬರೆಯುವುದು, ಅರ್ಜಿ ಹಾಕುವುದು ಹೇಗೆಂದು ಕಲಿಸುವುದೇ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಅವಳ ಕೆಲಸ. ಹತ್ತೊಂಬತ್ತು ವರ್ಷ ಅದನ್ನೇ ಮಾಡಿದಳು. ಮನೆಯಲ್ಲಿ ತಂಗಿ ಅಂತ ನಾನೊಬ್ಬಳಿದ್ದೇನೆ ಎನ್ನುವುದೂ ಎಷ್ಟೋ ಸಲ ಅವಳಿಗೆ ಮರೆತುಹೋಗುತ್ತಿತ್ತು.

ಅವಳದೊಂದು ನಿಯಮವಿತ್ತು. ಸಂಘ ತೀರ್ಮಾನ ಮಾಡುವ ಹೊತ್ತಿನಲ್ಲಿ ಹೊರಗಿನವರು ಒಳಗಿರಬಾರದು. ಹೊರಗಿನವರೆಂದರೆ ಮೊದಲು ತಾನು. ತನ್ನ ಕುರ್ಚಿಯನ್ನು ತಾನೇ ಎತ್ತಿಕೊಂಡು ಹೋಗಿ ಬಾಗಿಲಾಚೆ ಕೂರುವಳು.

"ನಾನಿದ್ರೆ ನನ್ನ ಮುಖ ನೋಡಿ ಕೈ ಎತ್ತುತ್ತಾರೆ ಕಣೇ."

"ಒಳಗೆ ಫ್ಯಾನು, ಹೊರಗೆ ನೀನು. ಚೆನ್ನಾಗಿದೆ ನಿನ್ನ ನ್ಯಾಯ" ಎಂದು ನಾನು ಕಿಚಾಯಿಸುತ್ತಿದ್ದೆ.

ಅವಳಿಗೆ ಅಚ್ಚುಮೆಚ್ಚಿನದು ಆರೈಕೆದಾರರ ಸಂಘ. ಹಾಸಿಗೆ ಹಿಡಿದ ಗಂಡನನ್ನೋ ಅತ್ತೆಯನ್ನೋ ಮನೆಯಲ್ಲಿ ನೋಡಿಕೊಳ್ಳುವ ಹನ್ನೆರಡು ಹೆಂಗಸರು. ಅಧ್ಯಕ್ಷೆ ಒಬ್ಬ ಟೈಲರಮ್ಮ. ಮೊದಲ ಸಭೆಯಲ್ಲಿ ಹೆಸರು ಹೇಳಮ್ಮ ಎಂದರೆ ಅತ್ತೇಬಿಟ್ಟವಳು. ಅಕ್ಕ ಅವಳನ್ನು ಕರೆತಂದು ನಮ್ಮ ಅಡುಗೆಮನೆಯಲ್ಲಿ ನಿಲ್ಲಿಸಿ ದಿನಾ ಭಾಷಣ ಮಾಡಿಸಿದಳು. ಕೇಳುವವಳು ನಾನೊಬ್ಬಳೇ, ಚಪ್ಪಾಳೆ ತಟ್ಟಿ ತಟ್ಟಿ ಕೈ ನೋವು ಬಂತು.

ಈ ವರ್ಷ ಸಂಸ್ಥೆಗೆ ಹೊಸ ನಿರ್ದೇಶಕರು ಬಂದರು. ಆರೈಕೆದಾರರ ಸಂಘ 'ಈ ಕಾರ್ಯಕರ್ತೆ ಬೇಕು' ಎಂದು ಬರೆದುಕೊಟ್ಟರೆ ಅಕ್ಕನ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಈ ತಿಂಗಳಿಗೇ ಮುಗಿಯಿತು ಎಂದುಬಿಟ್ಟರು. "ಅದು ಬಿಡು, ನಮ್ಮನೆ ಸಂಘ" ಎಂದು ಅಕ್ಕ ಹೊಸ ಚಪ್ಪಲಿ ಮೆಟ್ಟಿ ಹೊರಟಳು. ಸ್ಕೂಟರಿನಲ್ಲಿ ಬಿಟ್ಟವಳು ನಾನು. ಸಭೆಯ ಕೋಣೆಯ ಮೆಟ್ಟಿಲ ಮೇಲೆ ಕೂತೆ. ಗ್ರಂಥಾಲಯದ ಹಿಂದಿನ ಆ ಕೋಣೆಯನ್ನು ಸಂಘಕ್ಕೆ ಕೊಡಿಸಲು ಅಕ್ಕ ಮೂರು ವರ್ಷ ಕಚೇರಿ ಅಲೆದಿದ್ದಳು.

ಐದು ನಿಮಿಷವೂ ಆಗಿರಲಿಲ್ಲ, ಟೈಲರಮ್ಮನ ದನಿ ಕೇಳಿತು. "ಅಕ್ಕಾ, ತೀರ್ಮಾನದ ಹೊತ್ತು. ಸ್ವಲ್ಪ ಹೊರಗಡೆ..."

ಅಕ್ಕ ಕುರ್ಚಿ ಎತ್ತಿಕೊಂಡು ನಗುತ್ತಲೇ ಬಂದಳು. "ನೋಡಿದ್ಯಾ, ಹೇಗೆ ಕಲ್ತಿದ್ದಾಳೆ!" ಎಂದು ನನ್ನೆದುರು ಹೆಮ್ಮೆ ಬೇರೆ.

ಅರ್ಧ ಗಂಟೆಯ ಮೇಲೆ ಟೈಲರಮ್ಮ ಪತ್ರ ತಂದು ಅಕ್ಕನ ಕೈಗಿಟ್ಟಳು. ಒಂದೇ ಪುಟ, ಮೊದಲ ಸಾಲಿನಲ್ಲೇ ವಿಷಯ, ಎಲ್ಲ ಅಕ್ಕ ಕಲಿಸಿದ ಹಾಗೆಯೇ. ನಮ್ಮ ಸಂಘ ಸ್ವಂತ ಕಾಲ ಮೇಲೆ ನಿಂತಿದೆ, ಈಗಿನ ಕಾರ್ಯಕರ್ತೆಯ ಅಗತ್ಯವಿಲ್ಲ. ಆ ಜಾಗಕ್ಕೆ ಬರಲು ನಮ್ಮ ಅಧ್ಯಕ್ಷೆಯವರು ಒಪ್ಪಿದ್ದಾರೆ, ನಿರ್ದೇಶಕರ ಜೊತೆ ಮಾತಾಗಿದೆ. ಕೆಳಗೆ ಹನ್ನೆರಡು ಸಹಿ.

"ಯಾವಾಗ ಆಯ್ತು ಮಾತು?" ಅಕ್ಕ ಕೇಳಿದಳು.

"ಎರಡು ತಿಂಗಳಾಯ್ತು ಅಕ್ಕ."

ಎರಡು ತಿಂಗಳು! ಹೋದ ವಾರವೂ ನಮ್ಮ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದು ಹೋದವಳು.

ಅಕ್ಕ ಪತ್ರವನ್ನು ಇನ್ನೊಮ್ಮೆ ಓದಿ, ಚೀಲದಿಂದ ಪೆನ್ನು ತೆಗೆದುಕೊಟ್ಟಳು. "ತಾರೀಕು ಹಾಕಿಲ್ಲ ನೋಡು. ಆಫೀಸಲ್ಲಿ ವಾಪಸ್ ಕಳಿಸ್ತಾರೆ."

ಟೈಲರಮ್ಮ ನಿಂತಲ್ಲೇ ತಾರೀಕು ಹಾಕಿದಳು.

ದಾರಿಯುದ್ದಕ್ಕೂ ನಾನು ಬೈಯುತ್ತಲೇ ಇದ್ದೆ. ಉಂಡ ಮನೆಗೆ ಎರಡು ಬಗೆದವಳು, ನಯವಂಚಕಿ, ಬಾಯಿಗೆ ಬಂದದ್ದೆಲ್ಲ ಅಂದೆ. ಮನೆಯ ತಿರುವಿನಲ್ಲಿ ಹಿಂದೆ ಕೂತ ಅಕ್ಕನ ಹಣೆ ನನ್ನ ಬೆನ್ನಿಗೆ ತಾಗಿತು. ಅಳುತ್ತಿದ್ದಳು.

"ನನ್ನನ್ನ ಒಂದು ಮಾತು ಕೇಳಿದ್ದಿದ್ರೆ, ಆ ಪತ್ರ ನಾನೇ ಬರ್ಕೊಡ್ತಿದ್ದೆ ಕಣೇ."