ಕೆರೆಯ ನಡುವೆ ತಿರುಗದ ಫ್ಯಾನು

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡರೆ ನಿಮಗೂ ಹುಡುಕುವ ಶ್ರಮವಿಲ್ಲ, ನನಗೂ ನಟಿಸುವ ಶ್ರಮವಿಲ್ಲ. ದೋಣಿಯ ಮೋಟಾರಿನ ಫ್ಯಾನನ್ನು ಹುಣಸೆಹಣ್ಣು ಹಚ್ಚಿ ಬೆಳಗಿದವನು ನಾನು. ನೀರು ತಳ್ಳುವ ಆ ಹಿತ್ತಾಳೆಯ ರೆಕ್ಕೆಗೆ ನಮ್ಮ ಷೆಡ್ಡಿನಲ್ಲಿ ಫ್ಯಾನು ಎಂದೇ ಹೆಸರು. ಆಯುಧಪೂಜೆಯ ದಿನ ಹಿತ್ತಾಳೆ ಕಂಡ ಮೇಲೆ ಕೈ ಸುಮ್ಮನಿದ್ದೀತೆ? ಕಳಚಿ, ಅಮ್ಮ ಬಿಂದಿಗೆ ತಿಕ್ಕುವಂತೆ ತಿಕ್ಕಿ, ಕುಂಕುಮವಿಟ್ಟೆ. ಅದು ತಪ್ಪಲ್ಲ. ಫ್ಯಾನನ್ನು ಮೋಟಾರು ತಿರುಗಿಸುವ ದಂಡಕ್ಕೆ ಹಿಡಿದಿಡುವ ಪುಟ್ಟ ಪಿನ್ನನ್ನು ಹೂವಿನ ಕಸದ ಜೊತೆ ಗುಡಿಸಿ ಎಸೆದದ್ದು ತಪ್ಪು. ಗೊತ್ತಾದ ಮೇಲೂ ಬಾಯಿ ಬಿಡದೆ, ತೋರಣಕ್ಕೆ ತಂದ ಬಿದಿರು ಕಡ್ಡಿಯನ್ನು ಕೆತ್ತಿ ಆ ತೂತಿಗೆ ತುರುಕಿದ್ದು ಮಹಾತಪ್ಪು.

ರಾಜಾಜಿನಗರದ ಕಾರ್ಖಾನೆಗಳ ಮಗ್ಗುಲಲ್ಲಿದ್ದ ತಗಡಿನ ಷೆಡ್ಡಿನಲ್ಲಿ ನಾನು ಹೊಸಬ. ಯುದ್ಧ ಮುಗಿದ ಮೇಲೆ ಗುಜರಿಗೆ ಬಿದ್ದಿದ್ದ ಆ ಮೋಟಾರಿಗೆ ನಮ್ಮ ಯಜಮಾನರು ಜೀವ ಕೊಟ್ಟಿದ್ದರು. ರಾಜ್ಯ ಒಂದಾದ ಮರುವರ್ಷವದು. ಹುಬ್ಬಳ್ಳಿ ಕಡೆಯ ಕಂತ್ರಾಟುದಾರರೊಬ್ಬರು ತಮ್ಮೂರ ಹೊಳೆಯ ದೋಣಿಗೆಂದು ಅದನ್ನು ಕೇಳಿದ್ದರು. ಕೆಂಗೇರಿ ಕೆರೆಯಲ್ಲಿ ಓಡಿಸಿ ತೋರಿಸಬೇಕು.

ಯಜಮಾನರು ಹೊರಡುವಾಗಲೇ ಹೇಳಿದ್ದರು: "ಅವ್ರು ಒಪ್ಪಿದ್ರೆ ನೀನು ಇಲ್ಲೇ ಖಾಯಂ. ಕೆರೇಲಿ ನನ್ನ ಮಾನ ಕಳೆದ್ಯೋ, ನಾಳೆಯಿಂದ ಷೆಡ್ ಕಡೆ ತಲೆ ಹಾಕ್ಬೇಡ."

ಯಾರ್ಯಾರದೋ ದನಿ ಅಣಕಿಸಿ ಹಿಂದಿನ ಕೆಲಸಗಳನ್ನು ಕಳೆದುಕೊಂಡವನು ನಾನು. ಇದೂ ಹೋದರೆ ಮನೆಗೆ ಹೋಗುವಂತಿರಲಿಲ್ಲ. ಕೆಲಸ ಕೊಡಿಸಿದ್ದು ನಮ್ಮ ಭಾವ, ಮತ್ತು ಭಾವನನ್ನೂ ನಾನು ಅಣಕಿಸಿದ್ದೆ.

ಕಂತ್ರಾಟುದಾರರು ಕೊಡೆ ಬಿಚ್ಚಿ ಏರಿಯ ಮೇಲೆ ಕೂತರು. ದೋಣಿ ಕೊಟ್ಟ ಮೀನುಗಾರ ಹುಟ್ಟು ಚಾಚಿದ. "ಮೋಟಾರ್ ಇರೋವಾಗ ಇದ್ಯಾಕಣ್ಣ?" ಎಂದು ನಾನೇ ಅದನ್ನು ದಡದಲ್ಲಿ ಬಿಡಿಸಿದೆ. ಯಜಮಾನರೂ ನಾನೂ ಇಬ್ಬರೇ ಹತ್ತಿದೆವು. ಹಗ್ಗ ಎಳೆದೊಡನೆ ದೋಣಿ ಓಡಿತು. ಬಿದಿರು ಗಟ್ಟಿಯಪ್ಪಾ ಎಂದುಕೊಂಡೆ. ಕೆರೆಯ ನಟ್ಟನಡುವೆ ಮೋಟಾರು ಇದ್ದಕ್ಕಿದ್ದಂತೆ ಕಿರುಚಿತು. ದೋಣಿ ಮಾತ್ರ ನಿಂತಿತು.

ಯಜಮಾನರು ವೇಗ ಏರಿಸಿದರು. ಕಿರುಚಾಟ ಹೆಚ್ಚಿತು, ಹಿಂದೆ ಒಂದು ಅಲೆಯೂ ಏಳಲಿಲ್ಲ. ಇಂಜಿನ್ ನಿಲ್ಲಿಸಿ, ಮೋಟಾರನ್ನು ಮೇಲಕ್ಕೆ ವಾಲಿಸಿ, ಫ್ಯಾನನ್ನು ಬೆರಳಿನಿಂದ ತಟ್ಟಿದರು. ಅದು ಜಾತ್ರೆಯ ಗಿರಿಗಿಟ್ಲೆಯಂತೆ ಸುತ್ತಿತು.

"ಇಷ್ಟು ಸಲೀಸಾಗಿ ತಿರುಗ್ಬಾರ್ದು ಕಣೋ. ಒಳಗೆ ದಂಡ ತಿರುಗಿದ್ರೂ ಇದಕ್ಕೆ ಸುದ್ದೀನೇ ಇಲ್ಲ. ಇಕ್ಕಳ ಕೊಡು."

ಇಂಥ ಹೊತ್ತಿನಲ್ಲಿ ನೆಲದ ಮೇಲಾಗಿದ್ದರೆ ನನಗೆ ತಟ್ಟನೆ ಹೊಟ್ಟೆನೋವು ಬರುತ್ತಿತ್ತು, ಇಲ್ಲವೇ ಟೀ ತರುವ ನೆಪ ಸಿಗುತ್ತಿತ್ತು. ಇಲ್ಲಿ ಎದ್ದು ನಿಂತರೂ ದೋಣಿ ತೂಗುತ್ತಿತ್ತು. ಎತ್ತ ನೋಡಿದರೂ ನೀರು, ಎದುರಿಗೆ ಯಜಮಾನರು. ಓಡಲಾಗದ ನಾನು ಬಾಯಿಯನ್ನು ಓಡಿಸಿದೆ. ಕಂತ್ರಾಟುದಾರರ ಹಾಗೆ ಹೊಟ್ಟೆ ಮುಂದೆ ಮಾಡಿ, ಅವರದೇ ದಪ್ಪ ದನಿ ತೆಗೆದೆ: "ಏ ತಮ್ಮಾ, ಮೋಟಾರ್ ಅಂದ್ರ ಹುಲಿ ಇದ್ದಂಗ ಇರಬೇಕ! ಒದರಿದ್ರ ಹೊಳಿ ನಡುಗಬೇಕ!"

ಷೆಡ್ಡಿನಲ್ಲಿ ಇದಕ್ಕೆ ಯಜಮಾನರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಈಗ ತಲೆಯನ್ನೂ ಎತ್ತಲಿಲ್ಲ. ಏರಿಯ ಮೇಲೆ ಕೊಡೆ ಮಡಚಿಕೊಂಡದ್ದು ಕಂಡಿತು.

ಫ್ಯಾನು ಕಳಚಿ ಬಂತು. ಯಜಮಾನರ ಅಂಗೈಯಲ್ಲಿ ಬಿದಿರಿನ ಸಿಗುರುಗಳು.

"ಇದೇನೋ?"

"ತೋರಣದ್ದು."

"ಯಾರಿಟ್ಟಿದ್ದು?"

ಬೆರಳು ತೋರಿಸಲು ಸುತ್ತ ನೋಡಿದೆ. ಒಂದು ನೀರುಕಾಗೆ ಬಿಟ್ಟರೆ ಯಾರೂ ಇರಲಿಲ್ಲ.

"ನಾನೇ, ಯಜಮಾನ್ರೇ. ಪಿನ್ನು ಕಸಕ್ಕೆ ಹೋಯ್ತು."

ಅವರು ಬಹಳ ಹೊತ್ತು ಮಾತಾಡಲಿಲ್ಲ. ದೋಣಿ ತನ್ನಷ್ಟಕ್ಕೆ ಮೆಲ್ಲನೆ ಒಂದು ಸುತ್ತು ತಿರುಗಿತು. ಬೈದಿದ್ದರೆ ಸಹಿಸಬಹುದಿತ್ತು, ಆ ಬೈಗುಳವನ್ನು ನಾಳೆ ಅವರದೇ ದನಿಯಲ್ಲಿ ಹೇಳಿ ನಗಿಸಬಹುದಿತ್ತು. ಮೌನವನ್ನು ಹೇಗೆ ಅಣಕಿಸುವುದು?

"ಈಜು ಬರುತ್ತೇನೋ?"

"ಇಲ್ಲ."

"ಅದಕ್ಕೇ ಉಳ್ಕೊಂಡೆ. ಎದ್ದೇಳು."

ನಾನು ಕೂತಿದ್ದ ಹಲಗೆಯಿಂದ ಒಂದು ಮೊಳೆ ಕಿತ್ತು, ತೂತಿಗೆ ಸೇರಿಸಿ, ಉಳಿದದ್ದನ್ನು ಕತ್ತರಿಸಿದರು. ಫ್ಯಾನು ಕೂತಿತು. ಹಗ್ಗ ಎಳೆದಾಗ ಕಿರುಚಾಟವಿಲ್ಲ. ಭಾರ ಹೊತ್ತ ಗುಡುಗಿನಂಥ ದನಿ, ಹಿಂದೆ ನೊರೆ. ಮೊಳೆ ಮುರಿದೀತೆಂದು ಮೆಲ್ಲಗೇ ಬಂದೆವು. ಹಲಗೆ ಅಲ್ಲಾಡುತ್ತಿದ್ದುದರಿಂದ ನಾನು ದೋಣಿಯ ತಳದ ನೀರಿನಲ್ಲೇ ಕೂತಿದ್ದೆ.

ದಡದಲ್ಲಿ ಕಂತ್ರಾಟುದಾರರು ಎದ್ದು ನಿಂತಿದ್ದರು. ಮುಖದಲ್ಲಿ ನಗೆಯಿಲ್ಲ.

"ಮೋಟಾರಿಂದೇನೂ ತಪ್ಪಿಲ್ಲ ಸಾರ್," ಎಂದರು ಯಜಮಾನರು. "ಪಿನ್ ಕಳೆದಿದ್ದು ಈ ಕೋತಿ. ಇವನ್ನ ಇವತ್ತೇ..."

ಕಂತ್ರಾಟುದಾರರು ಕೈಯೆತ್ತಿ ಅವರನ್ನು ತಡೆದರು. ತಲೆಯಿಂದ ಕಾಲಿನವರೆಗೆ ನನ್ನನ್ನು ನೋಡಿದರು. ನನ್ನ ಚಡ್ಡಿಯಿಂದ ಕೆರೆ ತೊಟ್ಟಿಕ್ಕುತ್ತಿತ್ತು.

"ನೀ ಕೆರಿ ದಂಡಿಗೆ ಬರಾಕ ಮೋಟಾರ್ ಬೇಕಾತು. ನನ್ನ ದನಿ ಮೋಟಾರಿಲ್ಲದನ ಯಾವಾಗೋ ಬಂದ್ ಮುಟ್ಟೇತಿ, ತಮ್ಮಾ," ಎಂದವರು ಯಜಮಾನರ ಕಡೆ ತಿರುಗಿದರು. "ಮೋಟಾರ್ ನಾ ಒಯ್ತೀನ್ರಿ. ಈ ಹುಲಿನ ನೀವ ಸಾಕ್ಕೋರಿ."