ಬಿಡಿಬಿಡಿಯಾಗಿ ನಿಂತ ಕಣಗಳು
ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೋಣೆಯಲ್ಲಿ, ವಿಭಾಗದವರೆಲ್ಲ ಅಕ್ಕ ಎನ್ನುವ ವಿಜ್ಞಾನಿಯದೇ ಆಳ್ವಿಕೆ. ಯಾರಾದರೂ ಕೆಮ್ಮಿದರೆ, "ಚಿತ್ರ ನಡುಗುತ್ತೆ, ಭೂಕಂಪ ಮಾಡ್ಬೇಡ್ರಪ್ಪಾ!" ಎಂದು ಗದರುತ್ತಾಳೆ. ಯಾರದೋ ಮಾದರಿಯಲ್ಲಿ ನ್ಯಾನೊಕಣಗಳು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು, ಒಂದಕ್ಕೊಂದು ಅಂಟಿಕೊಂಡು ಬಂದರೆ, "ಇದೇನು, ಬಸ್ಸಿನ ಸೀಟಿಗೆ ಮುಗಿಬಿದ್ದ ಹಾಗಿದೆ! ಬಿಡಿಸ್ಕೊಂಡು ಬನ್ನಿ" ಎಂದು ವಾಪಸು ಅಟ್ಟುತ್ತಾಳೆ. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಹೊಗಳುವವಳಲ್ಲ. "ಇನ್ನೊಂದು ಜಾಗ ನೋಡೋಣ" ಎನ್ನುತ್ತಾಳೆ. ಇಂಥವಳು, ಒಂದಕ್ಕೊಂದು ಅಂಟುತ್ತವೆಂದು ತನ್ನ ಗುರುಗಳು ಕೈಚೆಲ್ಲಿದ್ದ, ಔಷಧಿ ಹೊತ್ತೊಯ್ಯುವ ನ್ಯಾನೊಕಣಗಳ ಕೆಲಸವನ್ನು ಸದ್ದಿಲ್ಲದೆ ಮುಂದುವರಿಸಿದ್ದಳು. ಇವತ್ತು ಆ ಕಣಗಳು ಪರದೆಯ ತುಂಬ ದುಂಡಗೆ, ಬಿಡಿಬಿಡಿಯಾಗಿ ನಿಂತವು. ಅಕ್ಕ ನಿವೃತ್ತ ಗುರುಗಳನ್ನು ಕೈಹಿಡಿದು ಕರೆತಂದು, ಯಾರಿಗೂ ಬಿಟ್ಟುಕೊಡದ ತನ್ನ ಕುರ್ಚಿಯಲ್ಲಿ ಕೂರಿಸಿದಳು. ಅವರು ಕನ್ನಡಕ ಒರೆಸಿಕೊಂಡು ದಿಟ್ಟಿಸಿದರು. "ಒಂದಕ್ಕೊಂದು ಅಂಟ್ಕೊಂಡೇ ಇಲ್ವಲ್ಲಮ್ಮ! ಗೆದ್ದುಬಿಟ್ಟೆ ನೀನು!" "ನಾನೊಬ್ಳೇ ಅಲ್ಲ ಸರ್," ಎಂದಳು ಅಕ್ಕ, ಕಣ್ಣು ತುಂಬಿಕೊಂಡು, "ನಾವು ಗೆದ್ವಿ."