ತಣ್ಣಿ ಆಗಯಾ

ರೈಲು ಕೆ.ಆರ್. ಪುರಂ ದಾಟಿದೆ. ಕಂಟೋನ್ಮೆಂಟ್ ನಿಲ್ದಾಣದಲ್ಲಿ ಈಗಷ್ಟೇ ನಡೆದದ್ದನ್ನು ಬಿಸಿಯಾರುವ ಮೊದಲೇ ಬರೆದಿಡುತ್ತಿದ್ದೇನೆ. ನಮ್ಮ ಶಾಲೆಯ ಅಮುದಾ, ಸಂಜನಾ ಇಬ್ಬರನ್ನೂ ಚೆನ್ನೈಗೆ, ಅಂತರರಾಷ್ಟ್ರೀಯ ಯುವ ಪರಿಸರ ಸಮಾವೇಶಕ್ಕೆ ಕರೆದೊಯ್ಯುತ್ತಿದ್ದೇನೆ. ನಾಳೆ ಪ್ರತಿಯೊಬ್ಬರೂ ವೇದಿಕೆ ಹತ್ತಿ, ನೀರಿನ ಬಗ್ಗೆ ತಮ್ಮ ತಾಯ್ನುಡಿಯಲ್ಲಿ ಒಂದೇ ಒಂದು ಮಾತು ಹೇಳಬೇಕು. ಮರ್ಫಿ ಟೌನ್ ಬಡಾವಣೆಯ ಅಮುದಾ ಅದಕ್ಕೇ ಕಂಗಾಲಾಗಿದ್ದಳು.

"ತಾಯ್ನುಡಿ ಅಂದ್ರೆ ನಿಮ್ಮಮ್ಮಂದೇ ಅಲ್ವೇನೇ?" ಎಂದಳು ಸಂಜನಾ.

"ಅಮ್ಮ ಮಾತಾಡೋದು ಕನ್ನಡ, ಬೈಯೋದು ತಮಿಳು. ಬೀದೀಲೆಲ್ಲಾ ಉರ್ದು. ಯಾವುದ್ರಲ್ಲಿ ಹೇಳಿದ್ರೂ ಬಾಯಿಪಾಠ ಒಪ್ಪಿಸ್ದಂಗಿರತ್ತೆ. ನಾನು ಸ್ಟೇಜ್ ಹತ್ತಲ್ಲ ಸರ್."

ಪ್ಲಾಟ್‌ಫಾರ್ಮಿನ ನಲ್ಲಿ ಒಣಗಿತ್ತು. ಬಾಟಲಿ ಹಿಡಿದವರೆಲ್ಲ ಕಾದು ಬೇಸತ್ತು ಚದುರಿದ್ದರು. ಅಷ್ಟರಲ್ಲಿ ನಲ್ಲಿ ಬುಸ್ಸೆಂದಿತು. ಅಮುದಾ ಬಾಟಲಿ ಹಿಡಿದು ಓಡುತ್ತಲೇ ಬೀದಿಗೆಲ್ಲ ಕೇಳುವ ಗಂಟಲಲ್ಲಿ ಕೂಗಿದಳು: "ತಣ್ಣಿ ಆಗಯಾ, ಬರ್ರೋ!"

ತಮಿಳಿನ ನೀರು ಉರ್ದುವಿನಲ್ಲಿ ಬಂದು ಕನ್ನಡದಲ್ಲಿ ಎಲ್ಲರನ್ನೂ ಕರೆದಿತ್ತು. ಕೂಲಿಯವರು, ಬುರ್ಖಾ ತೊಟ್ಟ ಅಜ್ಜಿಯೊಬ್ಬರು, ಸಮವಸ್ತ್ರದ ಸಿಪಾಯಿ, ಎಲ್ಲರೂ ಧಾವಿಸಿ ಬಂದರು. ಯಾರೂ ಅರ್ಥ ಕೇಳಲಿಲ್ಲ.

"ನಾಳೆ ಇದನ್ನೇ ಹೇಳೇ," ಎಂದಳು ಸಂಜನಾ.

"ಯಾವ ಭಾಷೆ ಅಂತ ಕೇಳಿದ್ರೆ?"

"ಮರ್ಫಿ ಟೌನ್ ಭಾಷೆ ಅಂತ ಅನ್ನು."

ಅಮುದಾ ಅದನ್ನು ಮೆಲ್ಲಗೆ ಮತ್ತೆ ಮತ್ತೆ ಹೇಳಿಕೊಂಡಳು. ಮುಖ ಅರಳಿತು. ನಲ್ಲಿಗೆ ಹಿಡಿದಿದ್ದ ಬಾಟಲಿ ತುಂಬಿ ಹರಿಯುತ್ತಿತ್ತು.

ಹಿಂದೆ ನಿಂತಿದ್ದ ಆ ಅಜ್ಜಿ ಅವಳ ಬೆನ್ನು ತಟ್ಟಿದರು. "ಭಾಷಣ ಆಮೇಲೆ ಬೇಟಾ, ಮೊದ್ಲು ಬಾಟ್ಲಿ ತೆಗಿ. ನೀರು ಪೋಲಾಗ್ತೈತೆ."